ಮೂರನೆಯ ಕೈ

ಶುಕ್ರವಾರ ಮಧ್ಯಾಹ್ನ ಮೂರೂವರೆಗೆ ಡೆಸ್ಮಂಡ್ ಟ್ರೋಮನ್ಸ್‌ನನ್ನು ಫೋರ್ಜಿನಿಂದ, ಅಂದರೆ ಕಬ್ಬಿಣ ಕಾಯಿಸಿ ಬಡಿಯುವ ಕಾರ್ಖಾನೆಯಿಂದ, ಬಡಿದು ಕಳಿಸಿದರು. ಹೊಡೆದು ಓಡಿಸಿದರು ಎಂದುಕೊಳ್ಳಬೇಡಿ, ಅದು ಆ ಕಡೆಯ ಮರ್ಯಾದೆ. ಐದು ವರ್ಷ ಬೆವರು ಸುರಿಸಿ ಕೆಲಸ ಕಲಿತು ಪಳಗಿದವನು ಕೊನೆಯ ದಿನ ಕೈ ತೊಳೆದುಕೊಂಡು ಗೇಟಿನ ಕಡೆ ಹೊರಟಾಗ ಎಲ್ಲರೂ ಕೆಲಸ ನಿಲ್ಲಿಸುತ್ತಾರೆ. ಸುತ್ತಿಗೆ, ಇಕ್ಕಳ, ಸಲಾಕೆ, ಕೈಗೆ ಸಿಕ್ಕಿದ್ದನ್ನು ಹಿಡಿದು ಎದುರಿಗಿದ್ದ ಕಬ್ಬಿಣದ ಮೇಲೆ ಬಡಿಯುತ್ತಾರೆ. ಅವನು ಗೇಟು ದಾಟಿ ಕಣ್ಮರೆಯಾಗುವವರೆಗೂ ಬಡಿಯುತ್ತಾರೆ. ಇಂಗ್ಲೆಂಡಿನ ಬ್ಲ್ಯಾಕ್ ಕಂಟ್ರಿ ಎಂಬ ಆ ಕಬ್ಬಿಣದ ಸೀಮೆಯ ಗಂಡಸರಿಗೆ ಬಾಯಿಬಿಟ್ಟು ಪ್ರೀತಿ ಹೇಳಿ ಗೊತ್ತಿಲ್ಲ. ಹೆಂಡತಿಗೇ ಹೇಳದವರು ಜೊತೆಯವನಿಗೆ ಹೇಳುತ್ತಾರೆಯೇ? ಹೇಳಬೇಕಾದ್ದನ್ನೆಲ್ಲ ಹೀಗೆ ಬಡಿದು ಮುಗಿಸುತ್ತಾರೆ.

ಡೆಸ್‌ಗೆ ಆಗ ಇಪ್ಪತ್ತೇಳು ವರ್ಷ. ಹದಿನೈದರಿಂದ ಅಲ್ಲೇ ಇದ್ದವನು. ಅವನು ಅಳಬಾರದೆಂದು ಹಲ್ಲುಕಚ್ಚಿ ನಡೆದ. ಅವನ ಜೊತೆ ಒಂದೇ ಯಂತ್ರದಲ್ಲಿ ದುಡಿದ ಮುದುಕ ಎಜ್ರಾ ಎಲ್ಲರಿಗಿಂತ ಜೋರಾಗಿ ಬಡಿಯುತ್ತಿದ್ದ. ಅವನಿಗೆ ಎರಡೂ ಕಿವಿ ಹೋಗಿ ಹತ್ತು ವರ್ಷವಾಗಿತ್ತು, ತಾನು ಎಷ್ಟು ಜೋರಾಗಿ ಬಡಿಯುತ್ತಿದ್ದೇನೆ ಎಂಬುದು ಅವನಿಗೇ ಗೊತ್ತಿರಲಿಲ್ಲ.

ಗೇಟಿನ ಹೊರಗೆ ಕ್ಲೆಮ್ ವಿಲೆಟ್ಸ್ ಸೈಕಲ್ ಹಿಡಿದು ಕಾದಿದ್ದ. ಉದ್ದ ಕೂದಲು, ಬಲಗೈಗೆ ಕಬ್ಬಿಣದ ಗುಂಡಿಗಳು ಸಡಿಲಾಗಿ ಜಣಜಣ ಎನ್ನುವ ತೊಗಲಿನ ಕಡಗ, ಬಾಯಲ್ಲಿ ಬೀಡಿಯಷ್ಟು ಸಣ್ಣಗೆ ಸುತ್ತಿದ ಸಿಗರೇಟು.

"ಏನ್ ಸದ್ದು ಮಗಾ! ಕಾಲುವೆ ಆಚೆವರೆಗೂ ಕೇಳಿಸ್ತು," ಎಂದ ಕ್ಲೆಮ್. "ಅಳ್ತಿದೀಯೇನೋ?"

"ಹೊಗೆ ಕಣೋ."

"ಹೂಂ ಹೂಂ, ಹನ್ನೆರಡು ವರ್ಷದಲ್ಲಿ ಇವತ್ತೇ ಹೊಗೆ ಬಂದಿದ್ದು." ಕ್ಲೆಮ್ ನಕ್ಕ. ಆಮೇಲೆ ಸ್ವಲ್ಪ ಸಪ್ಪಗಾದ. "ನನಗ್ಯಾರು ಬಡೀತಾರೆ ಹೇಳು? ಎರಡು ವರ್ಷ ಕುಲುಮೆಗೆ ಕಬ್ಬಿಣ ಹೊತ್ತು ಓಡಿಹೋದೋನು."

"ನಾನು ಬಡೀತೀನಿ ಬಿಡೋ."

"ನೀನು ಹೆಂಗೋ ಬಡೀತೀಯಾ ದಡ್ಡ, ನೀನೂ ನನ್ನ ಪಕ್ಕ ವ್ಯಾನಲ್ಲೇ ಕೂತಿರ್ತೀಯಲ್ಲ!"

ಇಬ್ಬರೂ ನಕ್ಕರು. ಮುಂದಿನ ಗುರುವಾರ ಅವರ ವ್ಯಾನು ಲಂಡನ್‌ಗೆ ಹೊರಡುವುದಿತ್ತು, ರೆಕಾರ್ಡ್ ಮಾಡುವುದಕ್ಕೆ.

ಅವರ ಬ್ಯಾಂಡಿನ ಹೆಸರು ಟಪ್. ಫೋರ್ಜಿನಲ್ಲಿ ಕೆಂಪಗೆ ಕಾದ ಕಬ್ಬಿಣದ ಮೇಲೆ ಎತ್ತರದಿಂದ ಬೀಳುವ ಎರಡು ಟನ್ನಿನ ಕಬ್ಬಿಣದ ಗಡ್ಡೆಗೆ ಟಪ್ ಎನ್ನುತ್ತಾರೆ. ಅದು ಬಿದ್ದಾಗ ಮೂರು ಬೀದಿ ಆಚೆ ಷೆಲ್ಫಿನ ಪಿಂಗಾಣಿ ಅಲುಗುತ್ತದೆ. ಹೆಸರಿಟ್ಟವನು ಡೆಸ್. ಎಂಟು ವರ್ಷದ ಹಿಂದೆ ಅವನ ಅಮ್ಮ ಬಟ್ಟೆ ಒಗೆಯುತ್ತಿದ್ದ ಹಿತ್ತಿಲ ಕೋಣೆಯಲ್ಲಿ ಅವನೂ ಕ್ಲೆಮ್ಮೂ ಇಬ್ಬರೇ ಶುರುಮಾಡಿದ್ದು. ಡೆಸ್ ಬಾಸ್ ಗಿಟಾರು, ಕ್ಲೆಮ್ ಡ್ರಮ್ಸು. ಆ ಬಡಿತದ ಲಯವನ್ನೇ ಹಾಡಿಗೆ ತಂದವರು ಅವರು. ಕಬ್ಬಿಣ ಬೀಳುವ ಮೊದಲು ಒಂದು ಕ್ಷಣ ಉಸಿರು ಕಟ್ಟಿದ ಹಾಗೆ ಆಗುತ್ತದಲ್ಲ, ಅದನ್ನು ಹಾಡಿನೊಳಗೆ ಇಡುವುದನ್ನು ಡೆಸ್ ಕ್ಲೆಮ್‌ಗೆ ಹೇಳಿಕೊಟ್ಟಿದ್ದ. ಸ್ಪೀಕರಿನ ಪೆಟ್ಟಿಗೆಗಳನ್ನು ಅಜ್ಜಿಯ ಬಟ್ಟೆ ಬೀರು ಕೊಯ್ದು ತಾನೇ ಮಾಡಿದ್ದ. ಹಾಡುವುದಕ್ಕೆ ರೋಲಿ ಡನ್, ಗಿಟಾರಿಗೆ ಮ್ಯಾಲ್ಕಮ್ ಹ್ಯಾಡ್ಲಿ ಬಂದದ್ದು ಆಮೇಲೆ.

ಇನ್ನೊಂದು ಕೆಲಸವನ್ನೂ ಡೆಸ್ ಮಾಡಿದ್ದ. ಬ್ಯಾಂಡಿಗೆ ನಿಯಮ ಬರೆದಿದ್ದ! ಪ್ರಪಂಚದಲ್ಲಿ ಯಾವ ಗದ್ದಲದ ಬ್ಯಾಂಡಿಗೆ ನಿಯಮಾವಳಿ ಇರುತ್ತದೆ ಹೇಳಿ? ಆದರೆ ಅವನ ಅಪ್ಪ ಫೋರ್ಜಿನ ಕಾರ್ಮಿಕ ಸಂಘದಲ್ಲಿ ಇಪ್ಪತ್ತು ವರ್ಷ ಕಾರ್ಯದರ್ಶಿಯಾಗಿದ್ದವನು. ಆ ಮನೆಯಲ್ಲಿ ಭಾನುವಾರ ಯಾವ ಮಾಂಸ ಬೇಯಿಸಬೇಕೆಂದೂ ಕೈ ಎತ್ತಿಸಿಯೇ ತೀರ್ಮಾನಿಸುತ್ತಿದ್ದರು. ಡೆಸ್‌ಗೆ ಅದು ರಕ್ತದಲ್ಲೇ ಬಂದಿತ್ತು. ನೀಲಿ ರಟ್ಟಿನ ನೋಟ್‌ಬುಕ್ಕಿನಲ್ಲಿ ಅವನು ಬರೆದ. ನಾಲ್ವರಲ್ಲಿ ಯಾರನ್ನೇ ಹೊರಗೆ ಹಾಕಬೇಕಾದರೂ ಮೂರು ಕೈ ಏಳಬೇಕು. ಯಾರ ವಿಷಯ ನಡೆಯುತ್ತಿದೆಯೋ ಅವನು ಗೋಡೆಗೆ ಮುಖಮಾಡಿ ನಿಲ್ಲಬೇಕು. ಆದರೆ ಹೊರಗೆ ಹೋಗುವವರೆಗೆ ಅವನೂ ಸದಸ್ಯನೇ, ಅವನ ಕೈಗೂ ಲೆಕ್ಕವಿದೆ. ಯಾರು ಎತ್ತಿದರು, ಯಾರು ಎತ್ತಲಿಲ್ಲ ಎಂದು ಆಮೇಲೆ ಯಾರೂ ಯಾರನ್ನೂ ಕೇಳಬಾರದು. ಕೇಳಿದರೆ ಸ್ನೇಹ ಉಳಿಯುವುದಿಲ್ಲ ಎಂದು ಅವನ ಅಪ್ಪ ಹೇಳುತ್ತಿದ್ದ.

ಆ ನಿಯಮ ಒಂದೇ ಒಂದು ಸಲ ಕೆಲಸಕ್ಕೆ ಬಂದಿತ್ತು. ಎರಡು ವರ್ಷದ ಹಿಂದೆ ಟಿಪ್ಟನ್ ಊರಿನ ಕಾರ್ಯಕ್ರಮದಲ್ಲಿ ಕ್ಲೆಮ್ ಕಂಠಪೂರ್ತಿ ಕುಡಿದು ಡ್ರಮ್ಮಿನ ಸಮೇತ ವೇದಿಕೆಯಿಂದ ಕೆಳಗೆ ಬಿದ್ದ. ಮರುದಿನ ಕ್ಲೆಮ್ ಗೋಡೆಗೆ ಮುಖಮಾಡಿ ನಿಂತ. ರೋಲಿ ಎತ್ತಿದ, ಮ್ಯಾಲ್ಕಮ್ ಎತ್ತಿದ. ಡೆಸ್ ಎತ್ತಲಿಲ್ಲ. ಎರಡು ಕೈಗೆ ಏನೂ ಆಗುವುದಿಲ್ಲ, ಕ್ಲೆಮ್ ಉಳಿದ. ಯಾರ ಕೈ ತನ್ನನ್ನು ಉಳಿಸಿತೆಂದು ಅವನು ಕೇಳಲಿಲ್ಲ. ಆದರೆ ಕುಡಿತ ಅರ್ಧಕ್ಕೆ ಇಳಿಯಿತು, ಮತ್ತು ಅಂದಿನಿಂದ ಸ್ಪೀಕರ್ ಪೆಟ್ಟಿಗೆಯ ಭಾರದ ತುದಿಯನ್ನು ಅವನೇ ಹಿಡಿಯತೊಡಗಿದ.

ಇಷ್ಟೆಲ್ಲ ಇದ್ದ ಬ್ಯಾಂಡಿಗೆ ಅಡ್ಡ ಬಂದದ್ದು ಏನು ಗೊತ್ತೆ? ಕೂದಲು. 1980ರಲ್ಲಿ ಆ ಗದ್ದಲದ ರಾಕ್ ಸಂಗೀತಕ್ಕೆ ತಲೆ ಇಲ್ಲದಿದ್ದರೂ ನಡೆಯುತ್ತಿತ್ತು, ತಲೆಯ ಮೇಲೆ ಭುಜದವರೆಗೆ ಕೂದಲು ಇಲ್ಲದಿದ್ದರೆ ನಡೆಯುತ್ತಿರಲಿಲ್ಲ. ಡೆಸ್‌ಗೆ ಇಪ್ಪತ್ಮೂರಕ್ಕೇ ಉದುರಲು ಶುರುವಾಗಿ ಈಗ ನಡುನೆತ್ತಿ ತಟ್ಟೆಯಂತೆ ಹೊಳೆಯುತ್ತಿತ್ತು. ಬರ್ಮಿಂಗ್‌ಹ್ಯಾಮಿನಲ್ಲಿ ಫೋಟೋ ತೆಗೆಸಿದಾಗ ಲಂಡನ್ನಿನ ರೆಕಾರ್ಡ್ ಕಂಪನಿಯಿಂದ ಬಂದ ಜೂಲಿಯನ್ ಎಂಬ ನಯವಾದ ಮನುಷ್ಯ ಅವನನ್ನು ಹಿಂದೆ ನಿಲ್ಲಿಸಿದ, ಪಕ್ಕಕ್ಕೆ ನಿಲ್ಲಿಸಿದ, ಕೊನೆಗೆ ಟೋಪಿ ಹಾಕಿಸಿದ. "ನೋಡಿ, ಬೇಜಾರು ಮಾಡ್ಕೋಬೇಡಿ, ಬೆಳಕು ಸ್ವಲ್ಪ ಪ್ರತಿಫಲಿಸ್ತಿದೆ ಅಷ್ಟೆ," ಎಂದ. ಹೇರ್ ಸಲೂನಿನಲ್ಲಿ ಕೆಲಸ ಮಾಡುತ್ತಿದ್ದ ಡೆಸ್‌ನ ಹೆಂಡತಿ ಗ್ಲೆನಿಸ್ ಒಂದು ವಿಗ್ಗು ತಂದಳು. ಡೆಸ್ ಅಡುಗೆಮನೆಯಲ್ಲಿ ಅದನ್ನು ಹಾಕಿಕೊಂಡು ಗಿಟಾರು ಹಿಡಿದು ತಲೆ ಕೊಡವಿದ. ವಿಗ್ಗು ಹಾರಿಹೋಗಿ ಬಟಾಣಿ ಬೇಯುತ್ತಿದ್ದ ಪಾತ್ರೆಯ ಪಕ್ಕ ಬಿತ್ತು. ಗ್ಲೆನಿಸ್ ನಕ್ಕೂ ನಕ್ಕೂ ನೆಲಕ್ಕೆ ಕೂತಳು, ಅವನೂ ನಕ್ಕ.

ಜೂಲಿಯನ್ ರೋಲಿಗೆ ಫೋನು ಮಾಡಿದ್ದು ಗುರುವಾರ. ಡೆಸ್‌ನನ್ನು ಬಡಿದು ಕಳಿಸುವುದಕ್ಕೆ ಒಂದು ದಿನ ಮುಂಚೆ. ರೋಲಿ ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಶುಕ್ರವಾರ ಕಳೆದ, ಶನಿವಾರ ಕಳೆದ. ಕೆಲಸ ಬಿಡುವ ಮೊದಲೇ ಒಂದು ಮಾತು ಹೇಳಿದ್ದರೆ ಡೆಸ್ ಸುತ್ತಿಗೆ ಕೆಳಗಿಡುತ್ತಿರಲಿಲ್ಲ. ಅಷ್ಟು ಚೆನ್ನಾಗಿ ಹಾಡುವ ಬಾಯಿಗೆ ಆ ಒಂದು ಮಾತು ಬರಲಿಲ್ಲ.

ಭಾನುವಾರ ಹನ್ನೆರಡಕ್ಕೆ ಕಾರ್ಮಿಕರ ಕ್ಲಬ್ಬಿನ ಮೇಲಿನ ಕೋಣೆಯಲ್ಲಿ ನಾಲ್ವರೂ ಸೇರಿದರು. ಕೆಳಗೆ ನಂಬರು ಕೂಗಿ ಆಡುವ ಬಿಂಗೋ ಆಟ ನಡೆಯುತ್ತಿತ್ತು. ರೋಲಿ ಬಿಯರ್ ಗ್ಲಾಸನ್ನು ತಿರುಗಿಸುತ್ತಾ ತಿರುಗಿಸುತ್ತಾ ವಿಷಯ ಹೇಳಿದ. ಲಂಡನ್‌ನವರು ಬೇರೆ ಬಾಸ್ ವಾದಕನನ್ನು ಹುಡುಕಿಟ್ಟಿದ್ದಾರೆ. ಅವನು ಬಂದರೆ ರೆಕಾರ್ಡ್, ಇಲ್ಲದಿದ್ದರೆ ಇಲ್ಲ.

"ಅವನಿಗೆ ಕೂದಲು ಎಷ್ಟುದ್ದ?" ಎಂದ ಡೆಸ್. ತಮಾಷೆಯ ಹಾಗೆ ಹೇಳಲು ಹೋದ, ತಮಾಷೆಯಾಗಲಿಲ್ಲ.

"ಡೆಸ್, ನಮ್ಮ ಕೈಲಿ ಏನೂ ಇಲ್ಲ ಮಾರಾಯ..." ಎಂದ ಮ್ಯಾಲ್ಕಮ್.

"ಇದೆ. ಮೂರು ಕೈ ಇದೆ," ಎಂದ ಡೆಸ್. "ಪುಸ್ತಕದ ಪ್ರಕಾರ ನಡೆಸಿ."

ಕ್ಲೆಮ್ ಏನೋ ಹೇಳಲು ಬಾಯಿ ತೆರೆದ. ಡೆಸ್ ಅಷ್ಟರಲ್ಲೇ ಎದ್ದು ಗೋಡೆಗೆ ಮುಖಮಾಡಿ ನಿಂತುಬಿಟ್ಟಿದ್ದ. ನಿಂತ ಮೇಲೆ ಯಾರೂ ಮಾತಾಡಬಾರದು, ಅದೂ ಅವನೇ ಮಾಡಿದ ನಿಯಮ.

ಆ ಗೋಡೆಯ ಮೇಲೆ ಕ್ಲಬ್ಬಿನ ಹಳೆಯ ಅಧ್ಯಕ್ಷರ ಹೆಸರುಗಳಿದ್ದ ಮರದ ಹಲಗೆ ಇತ್ತು. ಚಿನ್ನದ ಬಣ್ಣದ ಅಕ್ಷರ. ಮೇಲಿನಿಂದ ಏಳನೆಯದು ಅವನ ಅಪ್ಪನದು. ಡೆಸ್ ಅದನ್ನೇ ನೋಡುತ್ತಾ ನಿಂತ. ಒಂದು ದೊಡ್ಡ ಮುಷ್ಕರದಲ್ಲಿ ಕೆಲಸಕ್ಕೆ ಮರಳುವುದು ಬೇಡ ಎಂದು ಅಪ್ಪ ಒಬ್ಬನೇ ಹಟ ಹಿಡಿದಿದ್ದ. ಸೋಲು ಖಂಡಿತ ಎಂದು ಗೊತ್ತಾದಾಗ ಎಲ್ಲರ ಜೊತೆ ತಾನೂ ಕೈ ಎತ್ತಿದ. ಮನೆಗೆ ಬಂದು ಹೇಳಿದ್ದ: ಎಲ್ಲರೂ ಎತ್ತಿದರೆ ಯಾರ ಮೇಲೂ ತಪ್ಪು ಇರಲ್ಲ ಮಗನೇ, ನಾಳೆ ಒಬ್ಬರ ಮುಖ ಒಬ್ಬರು ನೋಡಬಹುದು.

"ಯಾರ ಒಪ್ಪಿಗೆ ಇದೆ, ಕೈ ಎತ್ತಿ," ಎಂದ ರೋಲಿ.

ಹಿಂದೆ ತೊಗಲಿನ ಜಾಕೆಟ್ಟು ಕಿರ್ರೆಂದಿತು. ಅದು ರೋಲಿ. ಕುರ್ಚಿ ಸರಿಯಿತು. ಅದು ಮ್ಯಾಲ್ಕಮ್. ಆಮೇಲೆ, ಸ್ವಲ್ಪ ತಡೆದು, ಕ್ಲೆಮ್‌ನ ಕಡಗ ಜಣ್ ಎಂದಿತು.

ಕ್ಲೆಮ್ಮೂ. ಹಿತ್ತಿಲ ಕೋಣೆಯ ಕ್ಲೆಮ್ಮೂ. ಕೆಳಗಿನಿಂದ ಬಿಂಗೋದ ನಂಬರು ಕೂಗುವುದು ಕೇಳುತ್ತಿತ್ತು, ಯಾರೋ ಗೆದ್ದೆ ಗೆದ್ದೆ ಎಂದು ಕಿರುಚಿದರು. ಇನ್ನು ಈ ಕ್ಲೆಮ್ ಜೀವಮಾನವಿಡೀ ನನ್ನ ಮುಖ ನೋಡಲಾರ, ರಸ್ತೆಯಲ್ಲಿ ಕಂಡರೆ ಆಚೆ ಬದಿಗೆ ಹೋಗುತ್ತಾನೆ ಎಂದುಕೊಂಡ ಡೆಸ್. ಹೇಗೂ ಆಗಿಹೋಯಿತು, ಅವನ ಮೇಲೆ ಆ ಭಾರ ಯಾಕೆ? ಡೆಸ್ ತನ್ನ ಬಲಗೈ ಎತ್ತಿದ. ಅರೆಮನಸ್ಸಿನಿಂದಲ್ಲ, ಪೂರ್ತಿ, ಮೊಣಕೈ ನೆಟ್ಟಗೆ. ಇದನ್ನು ದೊಡ್ಡತನ ಅನ್ನಿ, ಜಂಭ ಅನ್ನಿ. ನನ್ನನ್ನು ಕೇಳಿದರೆ ಎರಡೂ ಇತ್ತು.

ರೋಲಿ ಗ್ಲಾಸನ್ನು ಮೇಜಿನ ಮೇಲಿಟ್ಟ ಸದ್ದಾಯಿತು.

"ಆಯ್ತು," ಎಂದ ರೋಲಿ. ಅವನ ಧ್ವನಿ ವಿಚಿತ್ರವಾಗಿತ್ತು. "ಪಾಸಾಯ್ತು."

ಡೆಸ್ ತಿರುಗುವ ಹೊತ್ತಿಗೆ ಎಲ್ಲರ ಕೈ ಕೆಳಗಿತ್ತು. ಕ್ಲೆಮ್‌ನ ಮುಖ ಕೆಂಡದಂತಾಗಿತ್ತು. ಅವನು ಡೆಸ್‌ನನ್ನು ಒಮ್ಮೆ ನೋಡಿ, ಕುರ್ಚಿಯನ್ನು ಒದ್ದು, ಧಡಧಡ ಮೆಟ್ಟಿಲಿಳಿದು ಹೋದ. ಪಾಪ, ನಾಚಿಕೆಯಾಗಿದೆ ಎಂದುಕೊಂಡ ಡೆಸ್. ಮ್ಯಾಲ್ಕಮ್ ಗಿಟಾರಿನ ತಂತಿ ತಿರುಪುತ್ತಾ ತಲೆ ಎತ್ತಲಿಲ್ಲ. ರೋಲಿ ಮಾತ್ರ ಎದ್ದು ಬಂದು ಕೈಕುಲುಕಿದ.

"ನೀನು ದೊಡ್ಡ ಮನುಷ್ಯ ಕಣೋ, ಡೆಸ್."

ರೋಲಿಗೆ ಎಲ್ಲ ಗೊತ್ತಿತ್ತು. ಎಣಿಸಿದವನು ಅವನೇ ಅಲ್ಲವೆ!

ಮನೆಯಲ್ಲಿ ಗ್ಲೆನಿಸ್ ಊಟವನ್ನು ತಟ್ಟೆ ಮುಚ್ಚಿ ಒಲೆಯ ಮೇಲೆ ಇಟ್ಟಿದ್ದಳು. ಡೆಸ್ ಕೋಟು ಬಿಚ್ಚದೆಯೇ ಎಲ್ಲವನ್ನೂ ಹೇಳಿದ. ಅವಳು ಮೊದಲು ರೋಲಿಯ ವಂಶವನ್ನೆಲ್ಲ ಜಾಲಾಡಿಸಿದಳು. ಆಮೇಲೆ ಗಂಡನ ಕಡೆ ತಿರುಗಿದಳು.

"ನೀನೂ ಎತ್ತಿದ್ಯಾ? ನಿನ್ನ ಕುತ್ತಿಗೆಗೆ ನೀನೇ ಹಗ್ಗ ಹಾಕ್ಕೊಂಡ್ಯಾ?"

"ಎಲ್ರೂ ಎತ್ತಿದ್ರು ಕಣೇ."

"ನೀನು ನೋಡಿದ್ಯಾ?"

"ಗೋಡೆ ಕಡೆ ತಿರುಗಿದ್ದೆ."

"ಮತ್ತೆ ಹೆಂಗೆ ಗೊತ್ತು?"

"ಕ್ಲೆಮ್ ಕಡಗದ ಸದ್ದಾಯ್ತು."

"ಕಡಗದ ಸದ್ದಂತೆ! ಅವನು ಮೂಗು ಕೆರೆದುಕೊಂಡ್ರೂ ಆ ದರಿದ್ರದ್ದು ಸದ್ದು ಮಾಡುತ್ತೆ. ಹೋಗು, ಅವನ ಮನೆಗೆ ಹೋಗಿ ಕೇಳ್ಕೊಂಡು ಬಾ."

"ಕೇಳಬಾರ್ದು. ನಿಯಮ ಇದೆ."

"ಯಾವನು ಮಾಡಿದ ನಿಯಮ?"

ಗ್ಲೆನಿಸ್ ತಟ್ಟೆಯನ್ನು ಅವನ ಮುಂದೆ ಕುಕ್ಕಿ ಹಿತ್ತಿಲಿಗೆ ಹೋಗಿ ಅತ್ತಳು. ಅವನು ತಣ್ಣಗಾದ ಆಲೂಗಡ್ಡೆಯನ್ನು ಒಂದೊಂದಾಗಿ ತಿಂದ. ಹಸಿವಿರಲಿಲ್ಲ, ಆದರೂ ತಿಂದ. ಕೇಳಿ ಬರೋಣವೇ ಎಂದು ಎರಡು ಸಲ ಬಾಗಿಲವರೆಗೆ ಹೋದ. ಕ್ಲೆಮ್ ತನ್ನ ಬಾಯಿಂದಲೇ "ಹೌದು, ಎತ್ತಿದೆ" ಎಂದುಬಿಟ್ಟರೆ? ಕಡಗದ ಸದ್ದನ್ನು ಹೇಗೋ ತಡೆದುಕೊಂಡಿದ್ದ, ಆ ಮಾತನ್ನು ತಡೆಯುವುದು ಅವನಿಂದ ಆಗುತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ಅವನು ಮತ್ತೆ ಫೋರ್ಜಿನ ಗೇಟಿಗೆ ಹೋದ.

ಬಡಿದು ಕಳಿಸಿದವನು ತಿರುಗಿ ಬರಬಾರದು. ಹಾಗೆಂದು ಎಲ್ಲೂ ಬರೆದಿಲ್ಲ, ಆದರೆ ಯಾರೂ ಬರುವುದಿಲ್ಲ. ಹಿಂದೆ ಸಿರಿಲ್ ಎಂಬುವನೊಬ್ಬ ಭರ್ಜರಿಯಾಗಿ ಬಡಿಸಿಕೊಂಡು ಆಸ್ಟ್ರೇಲಿಯಾಕ್ಕೆ ಹೋಗಿ, ಬಿಸಿಲಿಗೆ ಹೆದರಿ ಐದು ತಿಂಗಳಿಗೆ ವಾಪಸು ಬಂದಿದ್ದ. ಅವನಿಗೆ ಕಾಂಗರೂ ಎಂದು ಹೆಸರು ಬಿದ್ದು ಹದಿನಾಲ್ಕು ವರ್ಷವಾಗಿತ್ತು. ಅವನ ಹೆಂಡತಿಯೂ ಹಾಗೇ ಕರೆಯುತ್ತಿದ್ದಳು. ಡೆಸ್ ತನಗೂ ಅಂಥದೇ ಒಂದು ಕಾದಿದೆ ಎಂದುಕೊಂಡು, ಬೋಳ ಅನ್ನಲಿ, ಇನ್ನೇನಾದರೂ ಅನ್ನಲಿ ಎಂದು ಮನಸ್ಸು ಗಟ್ಟಿಮಾಡಿಕೊಂಡು ಒಳಗೆ ಹೋದ. ಯಜಮಾನ ಏನೂ ಕೇಳದೆ ಹಾಜರಿ ಕಾರ್ಡು ಕೊಟ್ಟ. ಅವನು ಯಂತ್ರದ ಬಳಿ ನಡೆದು ಬರುವಾಗ ಎಲ್ಲರೂ ನೋಡಿದರು. ಯಾರೂ ಒಂದು ಕೀಟಲೆಯ ಮಾತಾಡಲಿಲ್ಲ. ಕಾಲೆಳೆಯದೆ ಒಬ್ಬರಿಗೊಬ್ಬರು ಶುಭೋದಯ ಕೂಡ ಹೇಳದ ಜನ ಬಾಯಿ ಮುಚ್ಚಿಕೊಂಡರೆಂದರೆ, ಅವರು ಅವನಿಗೆ ಎಷ್ಟು ಮರುಗಿದ್ದರೆಂದು ಅವನಿಗೆ ಗೊತ್ತಾಯಿತು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ನಿನ್ನ ಟೀ ಮಗ್ ಇನ್ನೂ ಮೊಳೇಲೇ ನೇತಾಡ್ತಿದೆ ಮಗನೇ," ಎಂದ ಎಜ್ರಾ ಕಿವುಡರ ದೊಡ್ಡ ದನಿಯಲ್ಲಿ. "ತೆಗೆಯೋಕೆ ಮನಸ್ಸು ಬರ್ಲಿಲ್ಲ."

ಟೀ ಹೊತ್ತಿಗೆ ಸಿರಿಲ್ ಬಂದು ಅವನ ಪಕ್ಕ ಕೂತ. ಒಂದು ಚೀಸು-ಈರುಳ್ಳಿಯ ಬನ್ನನ್ನು ಎರಡು ಮಾಡಿ ಅರ್ಧ ಕೊಟ್ಟ.

"ಹದಿನಾಲ್ಕು ವರ್ಷದಿಂದ ಒಬ್ಬನೇ ಇದ್ದೆ ಮಾರಾಯ," ಎಂದ. ಇಬ್ಬರೂ ಗೋಡೆ ನೋಡುತ್ತಾ ಬನ್ನು ತಿಂದರು.

ಗುರುವಾರ ಮಧ್ಯಾಹ್ನದ ಊಟದ ಬಿಡುವಿನಲ್ಲಿ ವ್ಯಾನು ಬಂತು. ಲಂಡನ್ನಿನ ದಾರಿ ಫೋರ್ಜಿನ ಮುಂದೆಯೇ ಕಾಲುವೆಯ ಸೇತುವೆ ದಾಟಿ ಹೋಗುವುದು, ಬೇರೆ ದಾರಿಯಿಲ್ಲ. ಡೆಸ್ ಗೇಟಿನ ಬಳಿ ಮುರಿದ ಕಬ್ಬಿಣದ ರಾಶಿಯ ಮೇಲೆ ಎಜ್ರಾನ ಜೊತೆ ಕೂತಿದ್ದ. ಹಳದಿ ವ್ಯಾನು, ಪಕ್ಕದಲ್ಲಿ ಅವನೇ ಬಣ್ಣದಲ್ಲಿ ಬರೆದ ಟಪ್. ಸುಮ್ಮನೆ ದಾಟಿಹೋಗಲಿ ದೇವರೇ ಎಂದುಕೊಂಡ. ವ್ಯಾನು ನಿಂತಿತು. ಕ್ಲೆಮ್ ಇಳಿದು ನೆಟ್ಟಗೆ ಅವನ ಬಳಿಗೆ ಬಂದ. ಗಡ್ಡ ಬೋಳಿಸಿರಲಿಲ್ಲ, ಕಣ್ಣು ಕೆಂಪಗಿತ್ತು.

"ನಿಯಮ ಗಿಯಮ ಎಲ್ಲ ಕಾಲುವೆಗೆ ಹಾಕು," ಎಂದ. "ನಾಲ್ಕು ದಿನ ತಡ್ಕೊಂಡೆ, ಇನ್ನು ಆಗಲ್ಲ. ಯಾಕೋ ಎತ್ತಿದೆ?"

"ಏನು?"

"ಕೈ ಕಣೋ, ಕೈ! ನಿನ್ನ ಕೈ! ನಾನು ಎರಡೂ ಕೈ ತೊಡೆ ಕೆಳಗೆ ತುರುಕ್ಕೊಂಡು ಕೂತಿದ್ದೆ. ಎಲ್ಲಿ ತಪ್ಪಿ ಎದ್ದುಬಿಡುತ್ತೋ ಅಂತ ಅದರ ಮೇಲೇ ಕೂತಿದ್ದೆ. ಅವರಿಬ್ರದೇ ಇದ್ದಿದ್ದು. ಎರಡು! ಎರಡರಲ್ಲಿ ಏನು ಕಿತ್ಕೊಳ್ತಾರೆ, ಸಾಯ್ಲಿ ರೆಕಾರ್ಡು ಅಂದ್ಕೊಂಡೆ. ಅಷ್ಟರಲ್ಲಿ ಹೋಯ್ತಲ್ಲೋ ನಿನ್ನದು ಮೇಲಕ್ಕೆ, ಧ್ವಜದ ಕಂಬದ ಹಾಗೆ!"

ಡೆಸ್ ಕೂತಲ್ಲೇ ಕಬ್ಬಿಣವನ್ನು ಬಿಗಿಯಾಗಿ ಹಿಡಿದುಕೊಂಡ. ಜಣ್ ಎಂದ ಆ ಸದ್ದು ಮತ್ತೆ ಕಿವಿಯಲ್ಲಿ ಕೇಳಿತು. ಕೈ ಎತ್ತಿದ ಸದ್ದಲ್ಲ ಅದು, ಕೈಯನ್ನು ತೊಡೆಯ ಕೆಳಗೆ ತುರುಕಿದ ಸದ್ದು. ಅವನನ್ನು ಹೊರಗೆ ಹಾಕಿದ ಮೂರನೆಯ ಕೈ ಅವನದೇ. ಅವನು ಸುಮ್ಮನೆ ಗೋಡೆ ನೋಡುತ್ತಾ ನಿಂತಿದ್ದರೆ ಸಾಕಿತ್ತು. ಏನೂ ಮಾಡದಿದ್ದರೆ ಸಾಕಿತ್ತು!

ಗೊತ್ತಾಗದೆ ಎತ್ತಿದೆ ಕಣೋ. ಇಷ್ಟು ಹೇಳಿದರೆ ಮುಗಿಯುತ್ತಿತ್ತು. ಹೇಳಲು ಬಾಯಿಯನ್ನೂ ತೆರೆದ. ಹೇಳಿದರೆ ಏನಾಗುತ್ತದೆಂದು ಅವನಿಗೆ ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು. ಕ್ಲೆಮ್ ಇಲ್ಲೇ, ಈ ರಸ್ತೆಯಲ್ಲೇ, ವ್ಯಾನಿನ ಹಿಂಬಾಗಿಲು ತೆಗೆದು ಡ್ರಮ್ಮುಗಳನ್ನು ಒಂದೊಂದಾಗಿ ಇಳಿಸುತ್ತಾನೆ. ಎರಡನೆಯ ಮಾತಾಡುವವನಲ್ಲ. ರೋಲಿ ಲಂಡನ್ನಿನಲ್ಲಿ ಇನ್ನೊಬ್ಬ ಡ್ರಮ್ಮರನನ್ನು ಹುಡುಕಿಕೊಳ್ಳುತ್ತಾನೆ, ಅವನಿಗೇನು! ಇಲ್ಲಿ ಕ್ಲೆಮ್‌ಗೆ ಉಳಿಯುವುದು ಮರದ ಮಂಡಿಯ ಕೆಲಸ, ಹಾಸಿಗೆ ಹಿಡಿದ ತಾಯಿ, ಮೂಲೆಯ ಹೆಂಡದಂಗಡಿ. ಇನ್ನು ಐದು ವರ್ಷಕ್ಕೆ ಅವನ ಹೆಣ ಹೊರಬೇಕಾಗುತ್ತದೆ. ಆ ಕೈಗಳಲ್ಲಿ ಏನಿದೆಯೆಂದು ಡೆಸ್‌ಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

"ನನಗೆ ಸಾಕಾಗಿತ್ತು," ಎಂದ ಡೆಸ್.

"ಏನು ಸಾಕಾಗಿತ್ತು?"

"ಎಲ್ಲ. ಆ ವ್ಯಾನು, ಆ ಗದ್ದಲ, ಯಾವ ಊರಲ್ಲೋ ನೆಲದ ಮೇಲೆ ಮಲಗೋದು. ಲಂಡನ್ನು ನನಗಾಗಲ್ಲ ಕಣೋ."

"ಸುಳ್ಳು ಹೇಳಬೇಡ. ಕೆಲಸ ಬಿಟ್ಟಿದ್ದೆಯಲ್ಲೋ. ಬಡಿದು ಕಳಿಸಿದ್ರಲ್ಲೋ ನಿನ್ನ, ನಾನೇ ನಿಂತಿದ್ದೆ ಇಲ್ಲಿ!"

"ಅವತ್ತೇ ಗೊತ್ತಾಗಿದ್ದು. ಗೇಟು ದಾಟಿದ ಮೇಲೆ. ಅತ್ತಿದ್ದು ಯಾಕೆ ಅಂದ್ಕೊಂಡೆ ಮತ್ತೆ?"

ಕ್ಲೆಮ್ ಅವನನ್ನೇ ನೋಡಿದ. ಡೆಸ್ ಕಣ್ಣು ತಪ್ಪಿಸಲಿಲ್ಲ. ಜೀವನದಲ್ಲಿ ಅಷ್ಟು ಕಷ್ಟದ ಕೆಲಸ ಅವನು ಇನ್ನೊಂದು ಮಾಡಿರಲಿಲ್ಲ.

"ನಾಲ್ಕು ದಿನದಿಂದ ಅವರಿಬ್ರ ಹತ್ರ ಮಾತು ಬಿಟ್ಟಿದೀನಿ," ಎಂದ ಕ್ಲೆಮ್ ಮೆಲ್ಲಗೆ. "ನಿನಗೋಸ್ಕರ. ನಿನ್ನೆ ರೋಲಿ ಕಪಾಳಕ್ಕೆ ಹೊಡೆದೆ, ನಿನಗೋಸ್ಕರ. ಅವನು ಹೇಳ್ತಾನೇ ಇದ್ದ, ಡೆಸ್‌ಗೇ ಬೇಡವಾಗಿತ್ತು ಅಂತ. ನಾನು ನಂಬಲಿಲ್ಲ. ಬಿಟ್ಟು ಹೋಗೋನು ನೀನೇ ಆಗಿದ್ಯಲ್ಲೋ. ಎಂಟು ವರ್ಷ ಆಯ್ತು, ಬಾಯಿಬಿಟ್ಟು ಒಂದು ಮಾತು ಹೇಳೋಕಾಗ್ಲಿಲ್ವಾ ನನಗೆ?"

"ಹೇಳೋಕೆ ಬರ್ಲಿಲ್ಲ."

"ಥೂ ನಿನ್ನ."

ರೋಲಿ ಹಾರ್ನ್ ಒತ್ತಿದ. ಕ್ಲೆಮ್ ತಿರುಗಿ ನಡೆದ. ವ್ಯಾನಿನ ಬಾಗಿಲನ್ನು ಎಷ್ಟು ಜೋರಾಗಿ ಎಳೆದನೆಂದರೆ ಅದು ಎರಡು ಸಲ ತೆರೆದು ಮೂರನೆಯ ಸಲ ಕೂತಿತು. ಒಳಗೆ ಯಾರೋ ಕ್ಯಾಸೆಟ್ ಹಾಕಿದರು. ಟಪ್‌ನ ಮೊದಲ ಹಾಡು, ಹಿತ್ತಿಲ ಕೋಣೆಯಲ್ಲಿ ಮಾಡಿದ್ದು. ಡೆಸ್‌ನ ಬಾಸ್ ಗುಂಯ್‌ಗುಡುವುದು ಡೆಸ್‌ಗೆ ರಸ್ತೆಯವರೆಗೂ ಕೇಳಿಸಿತು. ವ್ಯಾನು ಹೊರಟಿತು.

ಡೆಸ್ ಎದ್ದ. ರಾಶಿಯಲ್ಲಿ ಹಿಡಿ ಮುರಿದ ಒಂದು ಸುತ್ತಿಗೆ ಬಿದ್ದಿತ್ತು. ಅದನ್ನು ಎತ್ತಿಕೊಂಡು ಗೇಟಿನ ಕಬ್ಬಿಣದ ಕಂಬಕ್ಕೆ ಬಡಿದ. ಮತ್ತೆ ಬಡಿದ. ನಾನು ಬಡೀತೀನಿ ಬಿಡೋ ಎಂದು ಇದೇ ಜಾಗದಲ್ಲಿ ನಿಂತು ಹೇಳಿದ್ದ. ಊಟಕ್ಕೆ ಕೂತವರು ತಲೆ ಎತ್ತಿ ನೋಡಿದರು.

"ಯಾರಿಗೋ ಇದು?" ಎಂದು ಕೂಗಿದ ಸಿರಿಲ್.

"ಕ್ಲೆಮ್‌ಗೆ."

"ಅವನೇನು ಕೆಲಸ ಕಲಿತು ಪಳಗಿದೋನಾ?"

ಡೆಸ್ ಬಡಿಯುತ್ತಲೇ ಇದ್ದ. ಸಿರಿಲ್ ಬನ್ನನ್ನು ಕೆಳಗಿಟ್ಟು ಬಂದು ಒಂದು ಸಲಾಕೆ ಎತ್ತಿಕೊಂಡ. ಆಮೇಲೆ ಇನ್ನಿಬ್ಬರು ಬಂದರು, ಆಮೇಲೆ ಹತ್ತು ಜನ. ಎಜ್ರಾನಿಗೆ ಏನು ನಡೆಯುತ್ತಿದೆ ಎಂದು ಕೇಳಿಸಲಿಲ್ಲ, ಆದರೆ ಒರಗಿ ಕೂತಿದ್ದ ಕಂಬ ಅದುರುವುದು ಬೆನ್ನಿಗೆ ತಾಗಿ ಅವನೂ ಎದ್ದು ಇಕ್ಕಳ ಹಿಡಿದು ಬಡಿದ. ವ್ಯಾನು ಸೇತುವೆಯ ಏರು ಹತ್ತುತ್ತಿತ್ತು. ಅದರ ಕಿಟಕಿಗಳು ಮುಚ್ಚಿದ್ದವು. ಯಾವ ತಲೆಯೂ ಹಿಂದಕ್ಕೆ ತಿರುಗಲಿಲ್ಲ. ಹಳದಿ ಬಣ್ಣ ಸೇತುವೆಯ ಮೇಲೆ ಒಂದು ಕ್ಷಣ ನಿಂತಂತೆ ಕಂಡು ಆಚೆಗೆ ಇಳಿಯಿತು.

ಒಬ್ಬೊಬ್ಬರಾಗಿ ನಿಲ್ಲಿಸಿದರು. ಡೆಸ್ ನಿಲ್ಲಿಸಲಿಲ್ಲ. ಮುರಿದ ಹಿಡಿ ಅಂಗೈಯನ್ನು ಕಿತ್ತು ರಕ್ತ ಬರುತ್ತಿತ್ತು. ಎಜ್ರಾ ಬಂದು ಅವನ ಹೆಗಲ ಮೇಲೆ ಕೈಯಿಟ್ಟ.

"ಅವನಿಗೆ ಕೇಳಿಸಲ್ಲ ಮಗನೇ. ಹಾಡು ಹಾಕ್ಕೊಂಡಿದಾರೆ, ನೋಡಿದೆ."

"ಗೊತ್ತು," ಎಂದ ಡೆಸ್. ಮುದುಕನಿಗೆ ಅದೂ ಕೇಳಿಸಲಿಲ್ಲ. ಡೆಸ್ ಬಲಗೈ ಎತ್ತಿ ಇನ್ನೂ ಒಂದು ಸಲ ಬಡಿದ. ಆಗ ಸೈರನ್ ಕೂಗಿತು, ಎಲ್ಲರೂ ಒಳಗೆ ಹೋದರು.